ಹಚ್ಚಂಬಲಿ ಬೀರುವ ಕೈ

ಹೊಸನಗರ
ಅಕ್ಟೋಬರ್ ಮೂರು, ಬೆಳಿಗ್ಗೆ

ಪ್ರೀತಿಯ ದೀಪೂ,

ಹೇಗಿದ್ದೀಯ? ಕೆಮ್ಮು ಹೋಯಿತಾ? ಊಟ ಸೇರುತ್ತಿದೆಯಾ? ನಾನೂ ಅಮ್ಮನೂ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಕೈ ಬರುತ್ತಿಲ್ಲ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಮೆಸೇಜಿಗೆ ಉತ್ತರವಿಲ್ಲ. ಅದಕ್ಕೇ ಪೆನ್ನು ಹಿಡಿದು ಕೂತೆ. ಒಲೆ ಮೇಲೆ ಹಾಲಿಟ್ಟಿದ್ದೆ, ಈಗ ಅದೂ ಉಕ್ಕಿತು, ಹಾಳಾಗಿ ಹೋಗಲಿ. ನಿನ್ನೆ ಶಿವಮೊಗ್ಗದಿಂದ, ನಿನಗೆ ಗುಳಿಗೆ ಕೊಡುವ ಕೇಂದ್ರದ ಕೌನ್ಸೆಲರ್ ಮೇಡಂ ಫೋನು ಮಾಡಿದ್ದರು. ನನ್ನ ನಂಬರು ಕೊಟ್ಟವನು ನೀನೇ ಅಲ್ಲವಾ? ಗೌರಿ ಹಬ್ಬ ಆದ ಮೇಲೆ ನೀನು ಗುಳಿಗೆ ಒಯ್ಯಲು ಬಂದೇ ಇಲ್ಲವಂತೆ. ಜೀವ ಬಾಯಿಗೆ ಬಂತು ಕಣೋ.

ಯಾಕೆ ಬಿಟ್ಟೆ ಎನ್ನುವುದು ನನಗೆ ಗೊತ್ತಿಲ್ಲವಾ? ಹಬ್ಬಕ್ಕೆ ಬಂದಾಗ ಗುಳಿಗೆ ಡಬ್ಬಿ ನೋಡಿ ವಾಸಪ್ಪ ದೊಡ್ಡಪ್ಪ ಎಂತದು ಎಂದು ಕೇಳಿದರು, ನೀನು ಮುಚ್ಚುಮರೆಯಿಲ್ಲದೆ ಎಚ್‌ಐವಿ ಎಂದುಬಿಟ್ಟೆ. ಆಮೇಲೆ ಅವರದು ಶುರುವಾಯಿತಲ್ಲ. 'ಈ ಸಲ ಭೂಮಿ ಹುಣ್ಣಿಮೆಗೆ ಇವ್ನು ಹಚ್ಚಂಬಲಿ ಬೀರೋದು ಬ್ಯಾಡ. ಇವ್ನ ಕೈಯಿಂದ ಗದ್ದೆಗೆ ಬಿದ್ರೆ ಭತ್ತಕ್ಕೂ ರೋಗ ಹತ್ತುತ್ತೆ. ನಾಳೆ ಆ ಅನ್ನ ನಾವೇ ಉಣ್ಬೇಕಲ್ಲ!' ಬಸುರಿ ಪೈರಿಗೆ ಬಯಕೆಯೂಟವೆಂದು ಆ ಬೆರಕೆ ಸೊಪ್ಪಿನ ಅಡುಗೆಯನ್ನು ಅಪ್ಪ ಹೋದಮೇಲೆ ಪ್ರತಿ ವರ್ಷ ಗದ್ದೆಗೆ ಬೀರುತ್ತಾ ಬಂದವನು ನೀನು. ಅಮ್ಮನಾದರೂ ಒಂದು ಮಾತು ಆಡಬಾರದಿತ್ತಾ? ಆಡಲಿಲ್ಲ. ನೀನು ತಲೆ ತಗ್ಗಿಸಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ.

ನಿನ್ನೆ ಮೇಡಂ ಹತ್ತಿರ ಎಲ್ಲಾ ಕೇಳಿಕೊಂಡೆ. ಈ ವೈರಸ್ಸು ನಮ್ಮ ರಕ್ತದಲ್ಲಿ ರೋಗಗಳ ಜೊತೆ ಕಾದಾಡುವ ಜೀವಕೋಶಗಳನ್ನೇ ಹುಡುಕಿ, ಅಂಟಿಕೊಂಡು, ಒಳಗೆ ನುಗ್ಗುತ್ತದಂತೆ. ನುಗ್ಗಿ ಆ ಕೋಶದ ತಿರುಳಿಗೇ ತನ್ನ ಅಂಶವನ್ನು ಸೇರಿಸಿ, ಅದರ ಕೈಯಿಂದಲೇ ತನ್ನಂಥವನ್ನು ರಾಶಿ ರಾಶಿ ಮಾಡಿಸುತ್ತದಂತೆ. ನಮ್ಮ ಮಾವಿನ ಮರಕ್ಕೆ ಹತ್ತಿದ ಬಂದಳಿಕೆ ಹಾಗೆ. ದಿನಾ ಗುಳಿಗೆ ನುಂಗುತ್ತಿದ್ದರೆ ಅದು ಚಿಗುರುವುದಿಲ್ಲ, ರಕ್ತ ಪರೀಕ್ಷೆಯಲ್ಲಿ ಕಾಣದಷ್ಟು ಇಳಿದುಬಿಡುತ್ತದೆ, ನಾಳೆ ಮದುವೆಯಾದರೆ ಹೆಂಡತಿಗೂ ಹರಡುವುದಿಲ್ಲ. ಬಿಟ್ಟೆಯೋ, ಕೊಂಬೆಯೊಳಗೆ ಅಡಗಿದ ಬೇರು ಮತ್ತೆ ಚಿಗುರುತ್ತದೆ. ಇನ್ನು ಭತ್ತಕ್ಕೆ ಹತ್ತುವುದಂತೆ! ಗದ್ದೆಯಲ್ಲಿ ಬೆಳೆಯಲು ಅದೇನು ಕಳೆಯಾ? ಮನುಷ್ಯರ ಜೀವಕೋಶ ಸಿಗದಿದ್ದರೆ ಅದಕ್ಕೆ ಬಾಳೇ ಇಲ್ಲ. ಅನ್ನದಿಂದ, ಎಂಜಲಿನಿಂದ, ಕೈ ಮುಟ್ಟಿದ್ದರಿಂದ ಯಾರಿಗೂ ಬರುವುದಿಲ್ಲ. ಇದನ್ನು ದೊಡ್ಡಪ್ಪನಿಗೆ ಹೇಳಹೋದೆ. 'ಸೊಳ್ಳೆ ರಕ್ತ ಹೀರಲ್ವನೇ? ನಂಗೇ ಬುದ್ಧಿ ಹೇಳಾಕೆ ಬಂದ್ಯಾ?' ಎಂದರು. ಸೊಳ್ಳೆ ಹೊಟ್ಟೆಯಲ್ಲಿ ಅದು ಜೀರ್ಣವಾಗಿ ಹೋಗುತ್ತದೆ ಎಂದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಅವರ ಮೇಲಿನ ಸಿಟ್ಟಿಗೆ ನಿನ್ನ ಜೀವ ಕಳೆದುಕೊಳ್ಳುತ್ತೀಯಾ, ಪೆದ್ದ? ಬಯ್ಯುತ್ತಿದ್ದೇನೆ ಎಂದು ಬೇಜಾರಾಗಬೇಡ, ಹೆದರಿಕೆಗೆ ಬಯ್ಯುತ್ತಿದ್ದೇನೆ. ರಾತ್ರಿ ಕಣ್ಣಿಗೆ ಕಣ್ಣು ಹತ್ತಿಲ್ಲ. ಅಮ್ಮನಿಗೆ ಇದೊಂದೂ ಹೇಳಿಲ್ಲ. ಬೆಳಿಗ್ಗೆಯಿಂದ ಅವಳನ್ನು ಕಂಡಿಲ್ಲ, ಕೊಟ್ಟಿಗೆ ಕಡೆಗೋ ಎಲ್ಲಿಗೋ ಹೋಗಿರಬೇಕು. ಈ ಸಲ ಬೀರುವವರು ಯಾರು ಎಂದು ಅವಳೂ ಕೇಳುವುದಿಲ್ಲ, ನಾನೂ ಆ ಮಾತು ಎತ್ತುವುದಿಲ್ಲ. ನೀನು ಮೊದಲು ಕೇಂದ್ರಕ್ಕೆ ಹೋಗು. ಅವರು ಬಯ್ಯುವುದಿಲ್ಲ, ಪರೀಕ್ಷೆ ಮಾಡಿ ಮತ್ತೆ ಶುರುಮಾಡುತ್ತಾರಂತೆ. ಹುಣ್ಣಿಮೆ ಮಾತು ಆಮೇಲೆ.

ಹಲ್ಲುದುರುವಷ್ಟು ವಯಸ್ಸಾಗಲಿ ನಿನಗೆ ಎಂದು ಹರಸುವ,
ನಿನ್ನ ಅಕ್ಕ
ಯಶೋಧಾ

ಮರುಬರಹ: ದೀಪೂ, ಅಮ್ಮ ಮನೆಯಲ್ಲಿಲ್ಲ! ನಿನ್ನೆ ನಾನು ಫೋನಿನಲ್ಲಿ ಆಡಿದ್ದನ್ನೆಲ್ಲ ಕೇಳಿಸಿಕೊಂಡಿದ್ದಳಂತೆ. ಪಕ್ಕದ ಮನೆ ಹಾಲಮ್ಮ ಈಗ ಬಂದು ಹೇಳಿದಳು, ಬೆಳಗಿನ ಬಸ್ಸಿಗೇ ಶಿವಮೊಗ್ಗಕ್ಕೆ ಹೋದಳಂತೆ. ಹೋಗುವ ಮುಂಚೆ ದೊಡ್ಡಪ್ಪನ ಅಂಗಳದಲ್ಲಿ ನಿಂತು, 'ಭಾವ, ಗದ್ದೆ ನಂದು, ಮಗ ನನ್ನೋನು. ಬೀರೋನು ಅವ್ನೇ. ಆ ಅನ್ನ ಬ್ಯಾಡಾದೋರು ಉಣ್ಬ್ಯಾಡಿ' ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದಳಂತೆ. ಹೊಸನಗರ ದಾಟಿ ಒಬ್ಬಳೇ ಹೋದವಳಲ್ಲ, ಕೈಯಲ್ಲಿ ಫೋನಿಲ್ಲ, ನಿನ್ನ ರೂಮು ಯಾವ ಬೀದಿ ಎಂದೂ ಗೊತ್ತಿಲ್ಲ. ಈ ಕಾಗದದ ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತಿದ್ದೇನೆ. ಬಸ್ ಸ್ಟ್ಯಾಂಡಿಗೆ ಓಡು ಮಾರಾಯ. ಬಂದುಹೋಗುವವರ ಮುಖ ನೋಡುತ್ತಾ ನಿಂತಿರುತ್ತಾಳೆ.