ರೊಕ್ಕದ ಕಳೆ

ಕಂಪ್ಲಿ
೧೪-೨-೨೦೦೭

ಯಜಮಾನರಿಗೆ,

ಸಿಟ್ಟಿನಲ್ಲೇ ಮಾಡುವ ನಮಸ್ಕಾರಗಳು.

ನನ್ನ ಫೋನ್ ಎತ್ತುವುದಿಲ್ಲ. ಎತ್ತಿದರೂ ಆಮೇಲೆ ಮಾಡ್ತೀನಿ ಅಂದು ಇಟ್ಟುಬಿಡುತ್ತೀರಿ. ಎದುರು ಕೂತು ಹೇಳಿದರೆ ಅರ್ಧಕ್ಕೇ ಎದ್ದು ಹೋಗುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿರಿ, ಆಮೇಲೆ ಬೇಕಾದರೆ ಹರಿದು ಹಾಕಿರಿ.

ಸಂಡೂರಿನ ಅದಿರನ್ನು ಲಾರಿಯಲ್ಲಿ ಹೇರುವ ನಿಮ್ಮ ಕೆಲಸ ಜೋರಾದ ವರ್ಷವೇ ನಿಮ್ಮ ಚಪ್ಪಲಿ ಬಿಗಿಯಾದವು. ಹೊಸವು ತಂದಿರಿ, ಅವೂ ಬಿಗಿಯಾದವು. ಮದುವೆಯ ಉಂಗುರವನ್ನು ಹೊಸಪೇಟೆಯ ಅಕ್ಕಸಾಲಿಗ ಕತ್ತರಿಸಿ ತೆಗೆದ. ದವಡೆ ಮುಂದೆ ಬಂತು, ಹಲ್ಲುಗಳ ನಡುವೆ ಸಂದಿ ಬಿತ್ತು, ದನಿ ಕೊಡದೊಳಗಿಂದ ಬಂದಂತಾಯಿತು. ಓಣಿಯವರೆಲ್ಲ ದುರುಗೇಶಗ ರೊಕ್ಕದ ಕಳೆ ಬಂದೈತಿ ಅಂದರು. ಆಗ ಊರಿಗೆ ಊರೇ ಉಬ್ಬುತ್ತಿತ್ತು, ನಿಮ್ಮೊಬ್ಬರ ಮೈ ಯಾರ ಕಣ್ಣಿಗೆ ಬೀಳಬೇಕು? ಅತ್ತೆ ಭೀಮವ್ವನವರು ಮಾತ್ರ ದೃಷ್ಟಿ ತೆಗೆಯುತ್ತ, ನಿಮ್ಮ ಮುಖ ನೋಡಿ, "ಇದು ನನ್ನ ಮಗನ ಮಾರಿ ಅಲ್ಲ" ಅನ್ನುತ್ತಿದ್ದರು. ಅವರಿಗೂ ಬೈದಿರಿ.

ತಲೆನೋವು, ಬೆವರು, ಮೇಲೆ ಸಕ್ಕರೆ ಕಾಯಿಲೆ ಬೇರೆ. ಡಾಕ್ಟರ್ ನೀರಜಾ ಅವರ ಹತ್ತಿರ ಎಳೆದುಕೊಂಡು ಹೋದದ್ದು ನಾನು. ಅವರು ನಮ್ಮ ಮದುವೆಯ ಫೋಟೊ ತರಿಸಿಕೊಂಡು, ಫೋಟೊವನ್ನೂ ನಿಮ್ಮನ್ನೂ ಬಹಳ ಹೊತ್ತು ನೋಡಿದರು. ರಕ್ತಪರೀಕ್ಷೆ, ತಲೆಯ ಸ್ಕ್ಯಾನ್ ಆದ ಮೇಲೆ ಬಿಡಿಸಿ ಹೇಳಿದರು. ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಗ್ರಂಥಿಯಿದೆ. ಅದರಲ್ಲೊಂದು ಗಂಟು ಬೆಳೆದು ಬೆಳವಣಿಗೆಯ ಹಾರ್ಮೋನನ್ನು ಅಳತೆಯಿಲ್ಲದೆ ಸುರಿಸುತ್ತಿದೆ. ಎತ್ತರ ಬೆಳೆಯುವ ವಯಸ್ಸು ಮುಗಿದಿದ್ದರಿಂದ ಕೈ, ಕಾಲು, ದವಡೆ ದಪ್ಪವಾಗುತ್ತಿವೆ. ಸಕ್ಕರೆ ಏರಿದ್ದೂ ಅದರಿಂದಲೇ. ಹೀಗೇ ಬಿಟ್ಟರೆ ಹೃದಯಕ್ಕೂ ಕೇಡು, ಗಂಟು ಕಣ್ಣಿನ ನರವನ್ನು ಒತ್ತಿ ಮೊದಲು ಅಕ್ಕಪಕ್ಕದ ನೋಟ ಹೋಗುತ್ತದೆ. ಕ್ಯಾನ್ಸರ್ ಅಲ್ಲ, ಬೆಂಗಳೂರಿನಲ್ಲಿ ಮೂಗಿನ ಮೂಲಕ ಹೋಗಿ ತೆಗೆಯುತ್ತಾರೆ ಅಂದರು.

ನೀವು ನಕ್ಕಿರಿ. "ನನ್ನ ತಲ್ಯಾಗೂ ಮೈನಿಂಗ್ ಮಾಡಸ್ತೀರೇನ್ರಿ ಮೇಡಂ?" ಅಂದಿರಿ. ಅವರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಬೆಂಗಳೂರಿಗೆ ಹೊರಡಬೇಕಾದ ದಿನ ಬ್ಯಾಗು ಹಿಡಿದು ನಾನು ಬಾಗಿಲಲ್ಲಿ, ನೀವು ಲಾರಿ ಹತ್ತಿ ಬಂಡ್ರಿಯ ದಾರಿಯಲ್ಲಿ.

ಅದನ್ನೂ ಸಹಿಸಿದೆ. ಮಲಪನಗುಡಿಯ ಹತ್ತಿರ ಆದದ್ದನ್ನು ಮಾತ್ರ ನುಂಗಲಾರೆ. ನಮ್ಮಣ್ಣನ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆಂದು ನನ್ನನ್ನು ಲಾರಿಯಲ್ಲೇ ಕೂರಿಸಿಕೊಂಡು ಕಂಪ್ಲಿಗೆ ಹೊರಟಿದ್ದಿರಿ. ಎಡಗಡೆಯಿಂದ ಹುಲ್ಲಿನ ಹೊರೆ ಹೊತ್ತ ಹೆಂಗಸು ರಸ್ತೆಗೆ ಇಳಿದದ್ದು ನನಗೆ ದೂರದಿಂದಲೇ ಕಾಣುತ್ತಿತ್ತು. ನೀವು ವೇಗ ತಗ್ಗಿಸಲಿಲ್ಲ. ನಾನು ಚೀರಿದ ಮೇಲೆ ಬ್ರೇಕು. ಹೊರೆ ಗಾಲಿಯ ಮುಂದೆ ಬಿತ್ತು, ಆಕೆ ಪಕ್ಕಕ್ಕೆ. ಪುಣ್ಯಕ್ಕೆ ಮೊಣಕಾಲು ತರಚಿದ್ದಷ್ಟೇ. "ಒಮ್ಮೆಲೇ ಅಡ್ಡ ಬಂದ್ಲು" ಅಂದಿರಿ. ಬಂದಿರಲಿಲ್ಲರೀ, ನಿಮಗೆ ಕಾಣಲಿಲ್ಲ. ಊಟಕ್ಕೆ ಕೂತಾಗ ಪಕ್ಕದಲ್ಲೇ ಇರುವ ನೀರಿನ ಲೋಟಕ್ಕೂ ನೀವು ಕತ್ತು ತಿರುಗಿಸಿ ಹುಡುಕುವುದನ್ನು ನೋಡಿದ್ದೇನೆ. ನಿಮಗೂ ಗೊತ್ತಿತ್ತು. ಗೊತ್ತಿದ್ದೇ ಸ್ಟೇರಿಂಗ್ ಹಿಡಿದಿರಿ.

ತೊಟ್ಟಿಲು ಮುಗಿದರೂ ನಾನು ತವರಿನಲ್ಲೇ ಉಳಿದದ್ದು ಅದಕ್ಕೆ. ಗಂಡನ ಮುಖ ಕೆಟ್ಟಿತೆಂದು ಬಿಟ್ಟು ಹೋದಳು ಎಂದು ಓಣಿಯಲ್ಲಿ ಆಡಿಕೊಳ್ಳುತ್ತಾರಂತೆ. ನೀವೂ ಹಾಗೇ ಅಂದುಕೊಂಡಿದ್ದರೆ ನಿಮ್ಮಂಥ ಮೊದ್ದ ಇನ್ನೊಬ್ಬನಿಲ್ಲ. ನಿದ್ದೆಯಲ್ಲಿ ನಿಮ್ಮ ಗೊರಕೆ ನಿಂತಾಗಲೆಲ್ಲ ಎದೆಯ ಮೇಲೆ ಕೈಯಿಟ್ಟು, ಅದು ಮತ್ತೆ ಶುರುವಾಗುವ ತನಕ ಉಸಿರು ಬಿಗಿಹಿಡಿದವಳು ನಾನು. ಇಲ್ಲಿ ಯಾರೂ ಗೊರಕೆ ಹೊಡೆಯುವುದಿಲ್ಲ, ನನಗೆ ನಿದ್ದೆಯೂ ಇಲ್ಲ.

ನಿನ್ನೆ ನಮ್ಮಣ್ಣನಿಗೆ ಫೋನ್ ಮಾಡಿ, ಆ ಆಪರೇಷನ್ ಆದ ಮೇಲೆ ಮನುಷ್ಯನಿಗೆ ಎಚ್ಚರ ಆಗ್ತದೋ ಇಲ್ಲೋ ಎಂದು ಕೇಳಿದಿರಂತೆ. ಹೆದರಿಕೆ ಅಂತ ನನಗೇ ಹೇಳಬಾರದಿತ್ತೇ? ನನಗೂ ಹೆದರಿಕೆಯೇ. ನೀರಜಾ ಮೇಡಂ ಬರುವ ಸೋಮವಾರಕ್ಕೆ ಬೆಂಗಳೂರಿನಲ್ಲಿ ಮತ್ತೆ ಹೇಳಿಟ್ಟಿದ್ದಾರೆ. ಊತ ಸ್ವಲ್ಪ ಇಳಿದೀತು, ಬೆಳೆದ ಎಲುಬು ಹಿಂದಕ್ಕೆ ಹೋಗುವುದಿಲ್ಲ, ಹಳೆಯ ಮುಖ ಪೂರ್ತಿ ಬರುವುದಿಲ್ಲ ಎಂದೂ ಹೇಳಿದ್ದಾರೆ. ಬರದಿದ್ದರೆ ಬ್ಯಾಡ. ನನಗೆ ಈ ಮುಖವೇ ಸಾಕು, ಅದರಲ್ಲಿ ಕಣ್ಣು ಉಳಿದಿರಲಿ.

ಇನ್ನೂ ಸಿಟ್ಟು ಇಳಿಯದ,
ನಿಮ್ಮ ಗಾಳೆಮ್ಮ

ತಾ.ಕ.: ಎಂಜಿನ್ ಕೆಟ್ಟಿದೆ ಎಂದು ಲಾರಿ ಮಾಲೀಕರು ಪಾಲಪ್ಪನವರು ಮೊನ್ನೆಯಿಂದ ನಿಮ್ಮ ಗಾಡಿಯನ್ನು ಗ್ಯಾರೇಜಿನಲ್ಲಿ ನಿಲ್ಲಿಸಿದ್ದಾರಲ್ಲ, ಎಂಜಿನ್ ಚೆನ್ನಾಗಿಯೇ ಇದೆ. ನಾನೇ ಹೊಸಪೇಟೆಗೆ ಬಂದು, ಅವರ ಮನೆಗೆ ಹೋಗಿ, ಎಲ್ಲ ಹೇಳಿ ಬಂದೆ. ಬೈಯುವುದಿದ್ದರೆ ಇಲ್ಲಿಗೇ ಬಂದು ಬೈಯಿರಿ. ಬಸ್ಸಿನಲ್ಲಿ ಬರ್ರಿ.