ಕಣ್ಣು ಬರೆಯಬೇಡಿ

ಯಜಮಾನರೇ,

ಇವತ್ತು ನಮಸ್ಕಾರ ಗಿಮಸ್ಕಾರ ಏನೂ ಇಲ್ಲ. ನಿಮ್ಮ ಮೇಲೆ ಕೋಪ ಬಂದಿದೆ. ಕಾಮಗೆರೆ ಆಸ್ಪತ್ರೆಯ ವರಾಂಡದಲ್ಲಿ, ನಿಮ್ಮ ಮಂಚ ಕಾಣುವ ಹಾಗೆ ಕೂತು ಬರೆಯುತ್ತಿದ್ದೇನೆ. ನೀವು ಗೋಡೆ ಕಡೆ ಮುಖ ಮಾಡಿ ಮಲಗಿದ್ದೀರಿ. ಲಕ್ವ ಹೊಡೆದು ಬಲಗೈ ಹೋಯಿತು, ಮಾತು ಹೋಯಿತು. ಕೊಳ್ಳೇಗಾಲದ ಅರ್ಧ ಅಂಗಡಿಗಳಿಗೆ ಬೋರ್ಡು ಬರೆದ ಮನುಷ್ಯನಿಗೆ ಈಗ ಒಂದಕ್ಷರ ಓದಲು ಬರುವುದಿಲ್ಲ. ಗೊತ್ತಿದ್ದೂ ಕಾಗದ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ಹೋದರೆ ಅಳು ನುಗ್ಗಿ ಬರುತ್ತದೆ. ಬರೆದಿಟ್ಟುಕೊಂಡರೆ ನಿಮ್ಮ ಕಿವಿ ಹತ್ತಿರ ಕೂತು ಓದಿ ಹೇಳಬಹುದು. ಕಿವಿ ಚೆನ್ನಾಗಿಯೇ ಕೇಳಿಸುತ್ತದಲ್ಲ, ಕೇಳಿ.

ನಮ್ಮ ಮಾಂಬಳ್ಳಿ ಅಂಗನವಾಡಿಯಿಂದ ನಾನೇ ಸ್ಲೇಟು, ಬಳಪ ತಂದು ನಿಮ್ಮ ಎಡಗೈಗೆ ಕೊಟ್ಟೆ. ನೀರು ಬೇಕೋ ಗಂಜಿ ಬೇಕೋ, ಚಿತ್ರ ಬರೆದಾದರೂ ಹೇಳಲಿ ಅಂತ. ನೀವು ನೀರೂ ಬರೆಯಲಿಲ್ಲ, ಗಂಜಿಯೂ ಬರೆಯಲಿಲ್ಲ. ಒಂದು ಹೆಂಗಸಿನ ಮುಖ ಬರೆದಿರಿ. ಗೆರೆ ನಡುಗಿತ್ತು, ಒಂದು ಕೆನ್ನೆ ಜೋತುಬಿದ್ದಿತ್ತು. ಹಣೆ, ಮೂಗು, ಮೂಗುಬೊಟ್ಟು, ಬಾಯಿ ಎಲ್ಲ ಇತ್ತು. ಕಣ್ಣಿರಲಿಲ್ಲ. ಸಂಜೆ ಅಂಗೈಯಿಂದ ಒರೆಸಿ ಹಾಕಿದಿರಿ. ಮಾರನೆಯ ದಿನ ಮತ್ತೆ ಅದೇ ಮುಖ, ಮತ್ತೆ ಕಣ್ಣಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ, ಅರ್ಥ ಹೇಳುವವರ ಕಾಟ. ಮೆದುಳಿಗೆ ಪೆಟ್ಟಾದಾಗ ಚಿತ್ರದಲ್ಲಿ ಏನಾದರೂ ಬಿಟ್ಟುಹೋಗುವುದುಂಟು ಅಂದರು ಡಾಕ್ಟರು. ನಿಮ್ಮ ತಾಯಿ ರಾಚಮ್ಮನವರು ಅಷ್ಟಕ್ಕೆ ಬಿಡುತ್ತಾರೆಯೇ? “ಅದು ಮುಳ್ಳೂರು ಮಾರಮ್ಮ ಕಣವ್ವ. ನಮ್ ಮಾದಸ್ವಾಮಿ ಅವ್ಳಿಗೆ ಕಣ್ಣು ಬರೀದೆ ಬುಟ್ಟು ಬಂದವ್ನೆ. ಅವ್ಳು ಕೇಳ್ತಾವ್ಳೆ” ಅಂತ ಎದೆ ಬಡಿದುಕೊಂಡರು. ನಿಜ, ಮುಳ್ಳೂರಿನ ಗುಡಿಯ ಗೋಡೆಗೆ ಮಾರಮ್ಮನನ್ನು ಬರೆಯುತ್ತಿದ್ದಾಗಲೇ ಅಲ್ಲವೇ ನೀವು ಏಣಿಯ ಬುಡದಲ್ಲಿ ಕುಸಿದದ್ದು? ಕಣ್ಣೊಂದೇ ಬಾಕಿ ಇತ್ತು. ಗುಡಿಯ ಹಿರಿಯರು ದೊಡ್ಡಮಾದಯ್ಯನವರೂ ಬಾಳೆಹಣ್ಣು ಹಿಡಿದು ಬಂದು, “ಕಣ್ಣಿಲ್ದ ತಾಯಿಗೆ ದೀಪ ಅಚ್ಚದು ಎಂಗವ್ವ?” ಅಂದರು. ನಾನೂ ನಂಬಿಬಿಟ್ಟೆ. ಹನೂರಿನಿಂದ ಬೇರೆ ಚಿತ್ರಗಾರರನ್ನು ಕರೆಸಿ ಕಣ್ಣು ಬರೆಸಿದೆವು. ಓಡೋಡಿ ಬಂದು, ‘ಅಮ್ಮನಿಗೆ ಕಣ್ಣು ಬಂತು ರೀ, ಇನ್ನು ನಿಮಗೆ ವಾಸಿಯಾಗುತ್ತದೆ’ ಅಂದೆ. ನೀವು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿ, ಸ್ಲೇಟು ಎಳೆದುಕೊಂಡು ಮತ್ತೆ ಅದೇ ಮುಖ ಬರೆದಿರಿ. ಕಣ್ಣಿಲ್ಲದೆ.

ನನಗೆ ರೇಗಿಹೋಯಿತು. ಸ್ಲೇಟು ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದು, ಅಂಗನವಾಡಿಯ ಮಕ್ಕಳು ಬರೆದದ್ದನ್ನು ನೋಡುವ ಹಾಗೆ ಒಂದೊಂದೇ ಗೆರೆ ನೋಡಿದೆ. ಮಾರಮ್ಮನಾದರೆ ಕಿರೀಟ ಎಲ್ಲಿ? ಈ ತಲೆಯ ಮೇಲೆ ಕಿರೀಟವಿಲ್ಲ, ಬೈತಲೆ ಇದೆ. ಅದೂ ನೆಟ್ಟಗಿಲ್ಲ. ಹಣೆಯಿಂದ ಹೊರಟು ಎಡಕ್ಕೆ ವಾಲಿ, ಮತ್ತೆ ಬಲಕ್ಕೆ ತಿರುಗಿದೆ. ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಮದುವೆಯಾದಾಗಿನಿಂದ ನೀವು ಅಣಕಿಸಿದ್ದು ಇದನ್ನೇ ಅಲ್ಲವೇ? “ಏನಮ್ಮಿ, ನಿನ್ ಬೈತಲೆ ಮಾದಪ್ಪನ ಬೆಟ್ಟದ್ ರೋಡ್ ಇದ್ದಂಗದೆ. ಬಸ್ಸಲ್ ಓಯ್ತಿದ್ರೆ ವಾಂತಿ ಬತ್ತದೆ.” ಎಷ್ಟು ಸಲ ಬಾಚಣಿಗೆ ಎಸೆದು ಜಗಳಕ್ಕೆ ನಿಂತಿದ್ದೇನೆ ಈ ಮಾತಿಗೆ! ಅದು ನಾನು. ಊರೆಲ್ಲ ಮಾರಮ್ಮನನ್ನು ಕಾಣುತ್ತಿದ್ದರೆ ನೀವು ಬರೆಯುತ್ತಿದ್ದದ್ದು ನನ್ನನ್ನು. ಆಸ್ಪತ್ರೆ ಅನ್ನುವುದನ್ನೂ ಮರೆತು ಗಟ್ಟಿಯಾಗಿ ನಕ್ಕೆ. ನಿಮ್ಮ ಅರ್ಧ ಬಾಯಿಯೂ ನಕ್ಕಿತು.

ಕಣ್ಣು ಯಾಕಿಲ್ಲ ಅನ್ನುವುದೂ ಆಗಲೇ ಹೊಳೆಯಿತು. ಮದುವೆಯಾದ ಹೊಸದರಲ್ಲಿ ಹನೂರಿನ ಹತ್ತಿರದ ಒಂದು ಗುಡಿಗೆ ನಿಮಗೆ ಊಟ ತಂದಿದ್ದೆ, ನೆನಪಿದೆಯೇ? ಎಲ್ಲ ಮುಗಿಸಿ ಕೊನೆಗೆ ದೇವಿಗೆ ಕಣ್ಣು ಬರೆದಿರಿ. ಕುಂಚವನ್ನು ಅಲ್ಲೇ ಇಟ್ಟು, ಕೈಮುಗಿದು, ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಿರಿ. ನಾನು ಹಿಂತಿರುಗಲು ಹೋದರೆ ಗದರಿದಿರಿ. “ತಿರುಗ್ಬ್ಯಾಡ ಕಣಮ್ಮಿ. ಕಣ್ಣು ಬಂದ್ಮೇಲೆ ಅವ್ಳು ಊರೋರ ತಾಯಿ, ನಮ್ ಕೈ ಬುಟ್ಟೋದ್ಲು. ಬರ್ದೋನು ತಿರುಗಿ ನೋಡಬಾರ್ದು. ನೋಡುದ್ರೆ ಓಗಾಕೆ ಕಾಲು ಬರಾಕಿಲ್ಲ.” ನನ್ನ ತವರಿನವರು ಕೊಟ್ಟ ಹೊಸ ಊಟದ ಕ್ಯಾರಿಯರ್ ಗುಡಿಯೊಳಗೇ ಉಳಿಯಿತು. ಮನೆ ಸೇರುವವರೆಗೂ ನಾನು ನಿಮ್ಮ ಜೊತೆ ಮಾತಾಡಲಿಲ್ಲ.

ಆ ಮಾತು ನೆನಪಾದಾಗ ಎಷ್ಟು ಸಮಾಧಾನವಾಯಿತು ಗೊತ್ತೇ? ನನಗೆ ಕಣ್ಣು ಬರೆಯದೆ ಇಟ್ಟಿದ್ದೀರಿ ಎಂದರೆ ಇನ್ನೂ ನನ್ನನ್ನು ಕೈಬಿಟ್ಟಿಲ್ಲ, ಹೋಗುವ ಮನಸ್ಸಿಲ್ಲ. ಇಷ್ಟು ಒಳ್ಳೆಯ ಸುದ್ದಿಯನ್ನು ಯಾವ ಸ್ಕ್ಯಾನಿಂಗೂ ಹೇಳಿರಲಿಲ್ಲ. ಆಮೇಲೆ ದಿನಾ ಬೆಳಿಗ್ಗೆ ಬೇಕೆಂದೇ ಸೊಟ್ಟ ಬೈತಲೆ ತೆಗೆದುಕೊಂಡು ನಿಮ್ಮೆದುರು ಕೂತೆ. ನೀವು ಬರೆದಿರಿ, ಗಂಜಿ ಕುಡಿದಿರಿ. ಬಲಗೈಯ ಒಂದು ಬೆರಳು ಅಲ್ಲಾಡಿತು ಕೂಡ.

ಇವತ್ತು ಬೆಳಿಗ್ಗೆ ನಾನು ಔಷಧಿ ತರಲು ಹೋಗಿದ್ದೆ. ಬಂದು ನೋಡಿದರೆ ವಾರ್ಡಿನಲ್ಲಿ ಸಂಭ್ರಮ. “ಅಕ್ಕ, ನೋಡ್ ಬನ್ನಿ, ಇವತ್ತು ಕಣ್ಣೂ ಬರ್ದವ್ರೆ! ಪೂರ್ತಿ ಮುಖ!” ಅಂತ ನರ್ಸ್ ರೂಪ ಕುಣಿಯುತ್ತಿದ್ದಳು. ಅತ್ತೆ ಆಗಲೇ ಪಕ್ಕದ ಮಂಚಗಳಿಗೆಲ್ಲ ಸಕ್ಕರೆ ಹಂಚುತ್ತಿದ್ದರು. ಸುಧಾರಿಸುತ್ತಿದ್ದಾರೆ ಅಂದರು ಡಾಕ್ಟರು. ಸ್ಲೇಟು ನನ್ನ ಕೈಗೆ ಬಂತು. ಎರಡು ಕಣ್ಣು. ಅವುಗಳ ಗೆರೆ ಮಾತ್ರ ಒಂದಿಷ್ಟೂ ನಡುಗಿಲ್ಲ. ಆ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು, ನೀವು ನೋಡುತ್ತಿರಲಿಲ್ಲ. ಗೋಡೆ ಕಡೆ ತಿರುಗಿಬಿಟ್ಟಿದ್ದಿರಿ. ಬಳಪ ನೆಲದ ಮೇಲೆ ಬಿದ್ದಿತ್ತು. ಕೂಗಿದೆ, ಭುಜ ಹಿಡಿದು ಅಲ್ಲಾಡಿಸಿದೆ. ಗಂಜಿ ತಂದರೆ ಹಲ್ಲು ಕಚ್ಚಿಕೊಂಡಿರಿ. ಮಧ್ಯಾಹ್ನವೂ ಅಷ್ಟೇ. ಎಲ್ಲರೂ ನಗುತ್ತಿದ್ದಾರೆ ರೀ. ನೀವು ಹೊರಟು ನಿಂತಿದ್ದೀರಿ ಅನ್ನುವುದು ನನಗೊಬ್ಬಳಿಗೇ ಗೊತ್ತು. ಇದನ್ನು ನಾನು ಯಾರ ಹತ್ತಿರ ಹೇಳಲಿ?

ಯಾರನ್ನು ಕೇಳಿ ಬರೆದಿರಿ? ಕಣ್ಣು ಬರೆದು ಊರಿಗೆ ಒಪ್ಪಿಸಿ ಹೋಗುವುದಕ್ಕೆ ನಾನೇನು ಗುಡಿಯ ದೇವರೇ? ನಿಮ್ಮನ್ನು ಎತ್ತಿ ಕೂರಿಸುವಾಗ ನಾನು ಸೊಂಟ ಹಿಡಿದುಕೊಂಡದ್ದನ್ನು ನೋಡಿ ಹೀಗೆ ಮಾಡಿದಿರಾ? ಸೊಂಟ ನನ್ನದು, ನಾನು ನೋಡಿಕೊಳ್ಳುತ್ತೇನೆ. ನೀವು ಬೋರ್ಡು ಬರೆಯದಿದ್ದರೆ ಬೇಡ, ಮಾತಾಡದಿದ್ದರೂ ಚಿಂತೆಯಿಲ್ಲ, ಜೀವಮಾನ ಪೂರ್ತಿ ಹೀಗೇ ಮಲಗಿದ್ದರೂ ಸರಿ. ನನಗೆ ನೀವು ಬೇಕು. ಭಯವಾಗುತ್ತಿದೆ ರೀ. ನಾನು ಮಾಡಿಕೊಂಡ ಅರ್ಥ ತಪ್ಪಾಗಿರಲಿ ಅಂತ ಮಾದಪ್ಪನನ್ನು ಬೇಡುತ್ತಿದ್ದೇನೆ. ತಪ್ಪಾಗಿದ್ದರೆ ಒಂದೇ ಒಂದು ಸಲ ಈ ಕಡೆ ತಿರುಗಿ, ದಡ್ಡಿ ಅನ್ನುವ ಹಾಗೆ ನೋಡಿಬಿಡಿ. ಸಾಕು.

ಈಗ ನಾನೇನು ಮಾಡಿದೆ ಕೇಳಿ. ಅತ್ತೆ ಕಾಫಿಗೆ ಹೋದಾಗ ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿಗೆ ಎಂಜಲು ಹಚ್ಚಿ ಎರಡೂ ಕಣ್ಣು ಅಳಿಸಿದೆ. ಮೂಗು ಮುಟ್ಟಿಲ್ಲ, ನಿಮ್ಮ ಬೆಟ್ಟದ ರೋಡನ್ನೂ ಮುಟ್ಟಿಲ್ಲ. ಕಣ್ಣು ಮಾತ್ರ. ನಾಳೆ ಬರೆದರೆ ನಾಳೆಯೂ ಅಳಿಸುತ್ತೇನೆ. ಸ್ಲೇಟು ನಿಮ್ಮ ಬೆನ್ನ ಹಿಂದೆಯೇ ಇದೆ, ಪಕ್ಕದಲ್ಲಿ ಬಳಪವೂ ಇದೆ. ಮೈಮೇಲೆ ಪ್ರಜ್ಞೆ ಇರುವಾಗ ಕೆಲಸ ಅರ್ಧಕ್ಕೆ ಬಿಟ್ಟು ಎದ್ದು ಹೋದವರಲ್ಲ ನೀವು. ತಿರುಗಿ, ರೀ.

ಮಾದಪ್ಪ ನಿಮ್ಮನ್ನು ನನಗೆ ಉಳಿಸಲಿ.

ಇನ್ನೂ ಬರೆದು ಮುಗಿಯದ,
ನಿಮ್ಮ ಪವಿತ್ರ