ದೊಡ್ಡಪ್ಪನ ನಾಲ್ಕು ಸ್ಕ್ರೂ

ಮಾರ್ಚ್ ೧೧, ಮಂಗಳವಾರ

ಕಾಲು ಸೋತಿದೆ, ಆದರೂ ನಿದ್ದೆ ಹತ್ತುತ್ತಿಲ್ಲ. ಬೆಳಿಗ್ಗೆ ದೊಡ್ಡಪ್ಪನಿಗೆ ಅಂದ ಮಾತು ಎದೆಯಿಂದ ಇಳಿಯುತ್ತಿಲ್ಲ.

ಫ್ಯಾನ್ ಜೋಡಿಸುವ ನಮ್ಮ ಲೈನಿಗೆ ನಾನೇ ಸೂಪರ್‌ವೈಸರ್. ನಾಲ್ಕನೇ ಮೇಜಿನ ಹುಡುಗಿಗೆ ಕೆಲಸ ಕಡಿಮೆ ಎಂದು ಕೆಲಸ ಹಂಚುವ ಹಾಳೆಯ ಲೆಕ್ಕ ಹೇಳುತ್ತಿತ್ತು. ಅವಳ ಕೈಚಳಕ ನೋಡಿ ಎಲ್ಲರೂ ಅವಳನ್ನು ಮಿಂಚು ಅಂತಲೇ ಕರೆಯುತ್ತಾರೆ. ಹತ್ತಿರ ನಿಂತು ನೋಡುವ ತಾಳ್ಮೆಯಿಲ್ಲದೆ, ಎರಡನೇ ಮೇಜಿನ ವೈರ್ ಕೆಲಸವನ್ನೂ ಅವಳಿಗೇ ಕೊಟ್ಟೆ. ಗಂಟೆ ಕಳೆಯುವುದರೊಳಗೆ ಐದನೇ ಮೇಜಿನಲ್ಲಿ ಮುಗಿಯದ ಫ್ಯಾನ್‌ಗಳ ರಾಶಿ ಬಿತ್ತು. ಅಲ್ಲಿ ಪ್ರತಿ ಫ್ಯಾನಿಗೆ ನಾಲ್ಕು ಸ್ಕ್ರೂ ಹಾಕುವ ಹಿರಿಯರನ್ನು ಇಡೀ ಲೈನೇ ದೊಡ್ಡಪ್ಪ ಅನ್ನುತ್ತದೆ.

"ಕೈಲಾಗಲ್ಲ ಅಂದ್ರೆ ಮನೇಲಿರ್ಬೇಕು" ಎಂದುಬಿಟ್ಟೆ, ಎಲ್ಲರೆದುರು. ಅವರು ತಲೆ ಎತ್ತದೆ ಸ್ಕ್ರೂ ತಿರುಗಿಸುತ್ತಲೇ ಇದ್ದರು.

ಊಟದ ಹೊತ್ತಿಗೆ ಮಿಂಚು ಬಂದಳು. "ಮೇಡಂ, ಅವರ ನಾಲ್ಕು ಸ್ಕ್ರೂನಲ್ಲಿ ಎರಡು ನಾನೇ ಹಾಕಿ ಕಳಿಸ್ತಿದ್ದೆ. ಅವರ ಹೆಬ್ಬೆರಳು ಮಡಚೋಕೆ ಬರಲ್ಲ. ಈಗ ನಂಗೆ ಪುರುಸೊತ್ತಿಲ್ಲ."

"ಎಷ್ಟು ದಿನದಿಂದ?"

"ಆರು ತಿಂಗಳಾಯ್ತು."

ಆರು ತಿಂಗಳು ನಾನು ದಿನಕ್ಕೆ ಹತ್ತು ಸಲ ಆ ಮೇಜಿನ ಪಕ್ಕ ಓಡಾಡಿದ್ದೇನೆ.

ಮಧ್ಯಾಹ್ನ ವೈರ್ ಕೆಲಸ ಎರಡನೇ ಮೇಜಿಗೇ ಮರಳಿತು. ಆ ಎರಡು ಸ್ಕ್ರೂಗಳನ್ನು ಮಿಂಚುವಿನ ಹೆಸರಿಗೇ ಹಾಳೆಯಲ್ಲಿ ಬರೆದೆ. ಸಂಜೆಗೆ ರಾಶಿ ಕರಗಿತು. ಮ್ಯಾನೇಜರ್ "ಲೈನ್ ಸಮ ಆಯ್ತಲ್ಲ" ಎಂದು ನನ್ನನ್ನೇ ಹೊಗಳಿದರು.

ಪಾಳಿ ಮುಗಿದ ಮೇಲೆ ತಪ್ಪಾಯಿತು ಅನ್ನಲು ಬಾಗಿಲಲ್ಲಿ ಕಾದಿದ್ದೆ. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ, "ಅವಳನ್ನ ಬೈಬೇಡಿ ಮೇಡಂ. ನಾನೇ ಕೇಳ್ಕೊಂಡಿದ್ದೆ" ಎಂದರು.

"ಬೈಯಲ್ಲ" ಎಂದೆ. ಅಷ್ಟೇ ಹೊರಬಂತು. ಅವರು ನಡೆದೇಬಿಟ್ಟರು.

ಬೈದದ್ದು ಎಲ್ಲರೆದುರು, ಕ್ಷಮೆಯನ್ನೂ ಎಲ್ಲರೆದುರೇ ಕೇಳಬೇಕು. ನಾಳೆ ಲೈನ್ ಶುರುವಾಗುವ ಮುಂಚೆ, ಎಲ್ಲರೂ ನಿಂತಿರುವಾಗಲೇ, ಮೊದಲು "ತಪ್ಪು ನನ್ನದು, ದೊಡ್ಡಪ್ಪ" ಅನ್ನುತ್ತೇನೆ.